ಚಾಡಿಪಟ್ಟಿ

ಕಜ್ಜಿ ಹುಳ ಮೈಗೆ ಹತ್ತಿದ ದಿನವೇ ತುರಿಕೆ ಶುರುವಾಗಿದ್ದರೆ ಈ ಲೋಕದಲ್ಲಿ ಕಜ್ಜಿಯೇ ಉಳಿಯುತ್ತಿರಲಿಲ್ಲ. ಕಚ್ಚಿದ ಸೊಳ್ಳೆಯನ್ನು ಫಟ್ಟೆಂದು ಹೊಡೆಯುವಂತೆ ಅದಕ್ಕೂ ಅಲ್ಲೇ ಗತಿ ಕಾಣಿಸಿಬಿಡುತ್ತಿದ್ದೆವು. ಆದರೆ ಕಣ್ಣಿಗೂ ಕಾಣದಷ್ಟು ಸಣ್ಣ ಈ ಹುಳ ಬಲು ಕಿಲಾಡಿ. ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆಯುತ್ತ, ತನ್ನ ಎಂಜಲಿನಿಂದಲೇ ಅಲ್ಲಿನ ಕಾವಲು ಕಣಗಳಿಗೆ ಮಂಕುಬೂದಿ ಎರಚುತ್ತದೆ. ಮೈಗೆ ಎಚ್ಚರವಾಗಿ ಕೆರೆತ ಶುರುವಾಗುವ ಹೊತ್ತಿಗೆ ವಾರಗಳೇ ಕಳೆದಿರುತ್ತವೆ. ಅಷ್ಟರಲ್ಲಿ ಅದು ಮೊಟ್ಟೆಯಿಟ್ಟು, ಮರಿ ಮಾಡಿ, ಪಕ್ಕದಲ್ಲಿ ಮಲಗಿದವರ ಮೈಗೂ ವಲಸೆ ಹೋಗಿರುತ್ತದೆ.

ಹಾಗಾದರೆ ತುರಿಕೆಗೂ ಮೊದಲೇ ಚರ್ಮದ ಬಾಯಿ ಬಿಡಿಸಿದರೆ ಹೇಗೆ? ಧಾರವಾಡದ ಒಂದು ಪ್ರಯೋಗಾಲಯದಲ್ಲಿ ನೀಲಾಂಬಿಕೆ ಎಂಬ ವಿಜ್ಞಾನಿ ಈ ಪ್ರಶ್ನೆಯ ಬೆನ್ನುಹತ್ತಿ ತನ್ನ ತಲೆಗೂದಲನ್ನು ಅರ್ಧ ಬೆಳ್ಳಗೆ ಮಾಡಿಕೊಂಡಿದ್ದಳು. ಕೊನೆಗೆ ಅವಳ ಕೈಗೆ ಬಂದದ್ದು ಅಂಚೆಚೀಟಿಯಷ್ಟು ಅಗಲದ ಒಂದು ಪಟ್ಟಿ. ಕಾಗದಪತ್ರಗಳಲ್ಲಿ ಅದರ ಹೆಸರು ‘ತ್ವಚಾ ಸಂಕೇತ ಗ್ರಾಹಕ’. ಅವಳ ಸಹೋದ್ಯೋಗಿ ಮುಲ್ಲಾ ಅವರಿಗೆ ಆ ಹೆಸರು ಹೇಳುವಾಗ ನಾಲಿಗೆ ತೊಡರುತ್ತಿತ್ತು. “ಮೇಡಮ್, ಇದು ಹುಳದ ಮ್ಯಾಲೆ ಚಾಡಿ ಹೇಳತೈತಿ. ಚಾಡಿಪಟ್ಟಿ ಅನ್ನೂಣು” ಎಂದರು. ಆ ಹೆಸರೇ ನಿಂತಿತು.

ಪಟ್ಟಿ ಕೆಲಸ ಮಾಡುತ್ತಿದ್ದ ಬಗೆ ಇಷ್ಟು. ನಮ್ಮ ಪ್ರತಿಯೊಂದು ಜೀವಕೋಶದಲ್ಲೂ ಎಲ್ಲ ಜೀನುಗಳೂ ಇರುತ್ತವೆ, ಆದರೆ ಎಲ್ಲವೂ ಒಮ್ಮೆಲೇ ಕೆಲಸಕ್ಕೆ ಇಳಿಯುವುದಿಲ್ಲ. ಹುಳ ಹೊಕ್ಕಾಗ ಕೆಲವು ಜೀನುಗಳು ಎದ್ದು ಕೂತು ಆರ್‌ಎನ್‌ಎ ಎಂಬ ಚೀಟಿ ಬರೆದು ಕಳಿಸುತ್ತವೆ, ಕೆಲವು ಬಾಯಿ ಮುಚ್ಚುತ್ತವೆ. ಓಣಿಯಲ್ಲಿ ನಡೆದು ಹೋಗುವಾಗ ಒಗ್ಗರಣೆಯ ವಾಸನೆಯಿಂದಲೇ ಯಾರ ಮನೆಯಲ್ಲಿ ಏನು ಅಡುಗೆ ಎಂದು ತಿಳಿಯುವುದಿಲ್ಲವೆ, ಹಾಗೆ. ಪಟ್ಟಿಯ ಅಡಿಯ ಸಣ್ಣ ಮುಳ್ಳುಗಳು ಚರ್ಮದ ರಸವನ್ನು ಒಂದಿಷ್ಟು ಹೀರಿ ಈ ಚೀಟಿಗಳನ್ನು ಓದಿ ಪಟ್ಟಿಯ ಬಣ್ಣ ಬದಲಿಸುತ್ತಿದ್ದವು. ಹುಳವಿದ್ದೂ ಮೈ ನಿದ್ದೆಯಲ್ಲಿದ್ದರೆ ಹಳದಿ. ಮೈ ಎಚ್ಚೆತ್ತು ಹೋರಾಡುತ್ತಿದ್ದರೆ ಕೆಂಪು. ಮೈಯ ಕಾವಲೇ ಕುಸಿದು, ಹುಳಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಸಂಸಾರ ಹೂಡಿದ್ದರೆ ನೀಲಿ. ಏನೂ ಇಲ್ಲದಿದ್ದರೆ ಬಿಳಿ. ನೀಲಿಯನ್ನು ಅವರು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಚರ್ಮದ ಮೇಲೆ ನೋಡಿದ್ದರೇ ಹೊರತು ಮನುಷ್ಯರ ಮೈಮೇಲೆ ಕಂಡಿರಲಿಲ್ಲ.

ಇಂಥ ನೀಲಾಂಬಿಕೆಯ ಗಂಡ ಪೈಲ್ವಾನ. ಫಕ್ಕೀರೇಶನೆಂದರೆ ಧಾರವಾಡದ ಸುತ್ತಲಿನ ಗರಡಿಗಳಲ್ಲಿ ಗೊತ್ತಿಲ್ಲದವರಿಲ್ಲ. ತನ್ನ ಕುಸ್ತಿಯ ಕಾಲ ಮುಗಿದ ಮೇಲೆ ಊರ ಅಂಚಿನಲ್ಲೊಂದು ಗರಡಿ ಕಟ್ಟಿ, ಕುಸ್ತಿ ಕಲಿಸುವ ವಸ್ತಾದನಾಗಿದ್ದ. ಹುಡುಗರೂ ಹುಡುಗಿಯರೂ ಅಲ್ಲೇ ಇದ್ದು ಕಲಿಯುತ್ತಿದ್ದರು. ವಿಜ್ಞಾನಿಗೂ ವಸ್ತಾದನಿಗೂ ಹೇಗೆ ಹೊಂದಿತು ಎಂದು ಜನ ಕೇಳುತ್ತಿದ್ದರು. ಇಬ್ಬರೂ ಹಿಡಿದ ಪಟ್ಟು ಬಿಡುವವರಲ್ಲ, ಅದಕ್ಕೇ ಹೊಂದಿತು.

ಫಕ್ಕೀರೇಶನ ಗರಡಿಗೆ ಎರಡು ಕಟ್ಟಳೆಗಳಿದ್ದವು. ಪೈಲ್ವಾನ ಕಣದ ಮಣ್ಣಿಗೆ, ಅಂದರೆ ಮಟ್ಟಿಗೆ, ಇಳಿದ ಮೇಲೆ ಮೈ ಕೆರೆದುಕೊಳ್ಳಬಾರದು, ಸೊಳ್ಳೆ ಕಚ್ಚಲಿ, ಇರುವೆ ಕಚ್ಚಲಿ. ಇನ್ನೊಂದು, ದಿನದ ತಾಲೀಮಿಗೆ ಮೊದಲು ವಸ್ತಾದ ತನ್ನೆರಡೂ ಅಂಗೈಯಲ್ಲಿ ಗರಡಿಯ ಕೆಂಪು ಮಟ್ಟಿ ಹಿಡಿದು ಪ್ರತಿ ಶಿಷ್ಯರ ಕೊರಳಿಗೆ, ತೋಳಿಗೆ ಸವರಬೇಕು. ಅದು ಆಶೀರ್ವಾದ. ಅದಿಲ್ಲದೆ ಯಾರೂ ಕಣಕ್ಕೆ ಇಳಿಯುವಂತಿರಲಿಲ್ಲ. ಪಂದ್ಯಗಳು ಹತ್ತಿರವಾದರೆ ವಸ್ತಾದ ಶಿಷ್ಯರೊಡನೆ ಗರಡಿಯಲ್ಲೇ ಮಲಗಬೇಕು, ಭಾನುವಾರ ಎಣ್ಣೆಸ್ನಾನಕ್ಕೆ ಮಾತ್ರ ಮನೆ ಕಾಣಬೇಕು. ಇದು ಕಟ್ಟಳೆಯಲ್ಲ, ಹಟ.

ಆ ವರ್ಷ ರಾಷ್ಟ್ರೀಯ ತರಬೇತಿ ಶಿಬಿರದ ಆಯ್ಕೆ ಧಾರವಾಡದಲ್ಲೇ ಇತ್ತು. ಗರಡಿಯ ಆಸೆಯೆಲ್ಲ ಲಗಮವ್ವ ಎಂಬ ಹುಡುಗಿಯ ಮೇಲೆ. ಅಳ್ನಾವರದ ರೈಲು ನಿಲ್ದಾಣದ ಎದುರು ಮಿರ್ಚಿ ಬಂಡಿ ಇಟ್ಟುಕೊಂಡ ದ್ಯಾಮವ್ವನ ಮಗಳು. ಎದುರಾಳಿಯ ಕಾಲು ಎಲ್ಲಿ ಬೀಳುತ್ತದೆಂದು ಬೀಳುವ ಮೊದಲೇ ತಿಳಿಯುವ ಹುಡುಗಿ. ಆ ಲಗಮವ್ವ ಒಂದು ದಿನ ತಾಲೀಮಿನ ನಡುವೆ ಬೆರಳ ಸಂದಿ ಕೆರೆದುಕೊಂಡಳು. ಮರುದಿನ ಮತ್ತೆ. ವಾರಗಳು ಕಳೆಯುವಷ್ಟರಲ್ಲಿ ಗರಡಿಯ ಅರ್ಧ ಜನ ಕದ್ದು ಕದ್ದು ಗೋಡೆಗೆ ಬೆನ್ನು ತಿಕ್ಕುತ್ತಿದ್ದರು.

ನೀಲಾಂಬಿಕೆ ಮುಲಾಮು ಕಳಿಸಿದಳು. “ಎಲ್ಲಾರೂ ಹಚ್ಚಿಕೋಬೇಕ್ರಿ. ಎಲ್ಲಾರೂ ಅಂದ್ರ ಎಲ್ಲಾರೂ” ಎಂದು ಗಂಡನಿಗೆ ಹೇಳಿದಳು. ಅವನು ತಲೆ ಆಡಿಸಿದ. ಹಚ್ಚಿಕೊಂಡವರಿಗೆ ವಾಸಿಯಾಯಿತು, ಕೆಲವೇ ದಿನಗಳಲ್ಲಿ ತಿರುಗಿ ಬಂತು. ಮಟ್ಟಿಯಲ್ಲೇ ದೋಷವಿದೆ ಎಂದು ಹಳೆಯದನ್ನೆಲ್ಲ ಹೊರಹಾಕಿ, ಹೊಸ ಮಣ್ಣು ತರಿಸಿ, ಅರಿಶಿನ, ಕರ್ಪೂರ, ಮಜ್ಜಿಗೆ ಬೆರೆಸಿ ಫಕ್ಕೀರೇಶನೇ ಕೈಯಾರೆ ಹದ ಮಾಡಿದ. ಮತ್ತೆ ಮುಲಾಮು, ಮತ್ತೆ ವಾಸಿ, ಮತ್ತೆ ತುರಿಕೆ. ಆಯ್ಕೆ ಸಮಿತಿಯ ವೈದ್ಯರಿಗೆ ಸುದ್ದಿ ಮುಟ್ಟಿತು. ಮೊದಲು ಕೆರೆದುಕೊಂಡವಳು ಯಾರು ಎಂಬ ಮಾತೆದ್ದಾಗ ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು.

“ನೀ ಮನಿಗೆ ನಡಿಯವಾ ಲಗಮಿ. ಒಬ್ಬಾಕಿ ಸಲುವಾಗಿ ಇಡೀ ಗರಡಿ ಮುಳಗಬಾರದು” ಎಂದ ಫಕ್ಕೀರೇಶ.

ಹುಡುಗಿ ಅಳಲಿಲ್ಲ, ಹಾಸಿಗೆ ಸುತ್ತಿಕೊಂಡು ಹೋದಳು. ಅವಳು ಊರು ಸೇರುವ ಮೊದಲೇ ಸುದ್ದಿ ಅಳ್ನಾವರ ಸೇರಿತ್ತು. ಕಜ್ಜಿಯವಳ ಮನೆಯ ಮಿರ್ಚಿ ಯಾರು ತಿನ್ನುತ್ತಾರೆ? ದ್ಯಾಮವ್ವನ ಬಂಡಿಯ ಮುಂದೆ ಜನ ನಿಲ್ಲುವುದು ತಪ್ಪಿತು. ಆಯ್ಕೆಗೆ ಇನ್ನು ಕೆಲವೇ ವಾರಗಳಿದ್ದವು. ಈ ಸಲ ತಪ್ಪಿದರೆ ಲಗಮವ್ವನ ವಯಸ್ಸಿನ ವರ್ಗವೇ ದಾಟಿಹೋಗುತ್ತಿತ್ತು. ಇದು ಅನ್ಯಾಯವೇ ಸರಿ. ಆದರೆ ಆಗ ಗರಡಿಯಲ್ಲಿ ಯಾರಿಗೂ ಹಾಗೆ ಅನಿಸಲಿಲ್ಲ.

ಇತ್ತ ಪ್ರಯೋಗಾಲಯದಲ್ಲಿ ಬೇರೆಯೇ ತಲೆನೋವು. ಪ್ರತಿ ಸಲ ಹೊಸದಾಗಿ ಮಾಡಿದ ಪಟ್ಟಿಗಳ ತಂಡವನ್ನು ಒರೆಗೆ ಹಚ್ಚುವಾಗ ಒಂದು ಆರೋಗ್ಯವಂತ ಚರ್ಮ ಬೇಕು. ಆ ಚರ್ಮ ಯಾವಾಗಲೂ ನೀಲಾಂಬಿಕೆಯದೇ. ಅಂದು ಅವಳ ಮುಂಗೈ ಮೇಲಿನ ಪಟ್ಟಿ ಹಳದಿಯಾಯಿತು.

“ಈ ತಂಡ ಕೆಟ್ಟೈತ್ರಿ ಮೇಡಮ್” ಎಂದರು ಮುಲ್ಲಾ. ಇನ್ನೊಂದು ತಂಡ ತೆಗೆದರು. ಅದೂ ಹಳದಿ. ಮುಲ್ಲಾ ತಮ್ಮ ಕೈಗೆ ಹಚ್ಚಿಕೊಂಡರು, ಬಿಳಿ. ಕಾವಲುಗಾರನನ್ನು ಕರೆದು ಅವನಿಗೂ ಹಚ್ಚಿದರು, ಬಿಳಿ.

“ನಿಮಗ ಏನರ ತುರಸ್ತೈತೇನ್ರಿ?”

“ಏನೂ ಇಲ್ಲಲ್ರಿ ಸರ.”

“ಹಂಗಾದ್ರ ಪಟ್ಟಿ ಸುಳ್ಳು ಹೇಳತೈತಿ.”

ನೀಲಾಂಬಿಕೆ ಹಳದಿ ಪಟ್ಟಿಯನ್ನು ಬೆಳಕಿಗೆ ಹಿಡಿದಳು. ತುರಿಕೆಗೆ ಮೊದಲೇ ಹೇಳಲೆಂದು ತಾನೇ ಮಾಡಿದ ಪಟ್ಟಿ, ತುರಿಕೆ ಇಲ್ಲ ಎಂಬ ಕಾರಣಕ್ಕೆ ಸುಳ್ಳು ಹೇಗಾದೀತು? ಸೂಕ್ಷ್ಮದರ್ಶಕದ ಕೆಳಗೆ ಕೈಯಿಟ್ಟು ಇಂಚಿಂಚು ಹುಡುಕಿದರು. ಹೆಬ್ಬೆರಳಿನ ಬುಡದಲ್ಲಿ ಕೂದಲೆಳೆಯಂಥ ಒಂದು ಸುರಂಗ, ಅದರ ತುದಿಯಲ್ಲಿ ಆರಾಮಾಗಿ ಕೂತ ಒಂದು ಹುಳ. ಮುಲ್ಲಾ ಸರ್ ಕುಣಿದುಬಿಟ್ಟರು. ಪಟ್ಟಿ ಗೆದ್ದಿತ್ತು! ಮನುಷ್ಯನ ಮೈ ಇನ್ನೂ ನಿದ್ದೆಯಲ್ಲಿರುವಾಗಲೇ ಹುಳವನ್ನು ಹಿಡಿದುಕೊಟ್ಟಿತ್ತು. ನೀಲಾಂಬಿಕೆಗೂ ಖುಷಿಯಾಯಿತು. ಆದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬಂತು.

ಈ ಹುಳ ಬಂದದ್ದು ಎಲ್ಲಿಂದ? ಅವಳು ಗರಡಿಗೆ ಕಾಲಿಟ್ಟು ತಿಂಗಳುಗಳಾಗಿದ್ದವು. ಲಗಮವ್ವನನ್ನು ಮುಟ್ಟಿರಲಿಲ್ಲ. ಹೆಬ್ಬೆರಳ ಬುಡ ಒತ್ತುವುದು ಒಂದೇ ಕಡೆ, ಭಾನುವಾರ ಗಂಡನ ಹೆಗಲಿಗೆ ಎಣ್ಣೆ ತಿಕ್ಕುವಾಗ.

ಆ ಭಾನುವಾರ ಫಕ್ಕೀರೇಶ ಮಣೆಯ ಮೇಲೆ ಕುಳಿತು ಎಣ್ಣೆಗೆ ಕಾಯುತ್ತಿದ್ದ. ಅವಳು ಎಣ್ಣೆ ಬಟ್ಟಲಿನ ಬದಲು ಪಟ್ಟಿ ತಂದಳು.

“ಕೈ ಚಾಚ್ರಿ.”

“ಏನಿದು? ನನಗ ತುರಿಕೀನ ಇಲ್ಲ. ಮುಲಾಮೂ ಬ್ಯಾಡ, ಪಟ್ಟೀನೂ ಬ್ಯಾಡ.”

“ಅಂದ್ರ ನೀವು ಮುಲಾಮು ಹಚ್ಚಿಕೊಂಡಿಲ್ಲ?”

“ತುರಿಕಿ ಇಲ್ಲದಾವ ಯಾಕ ಹಚ್ಚಿಕೋಬೇಕ?”

ಪಟ್ಟಿ ಮೊದಲು ಹಳದಿಯಾಯಿತು. ಕೆಂಪಾಗಬಹುದೆಂದು ಅವಳು ಕಾದಳು. ಆಗಲಿಲ್ಲ. ಅಂಚಿನಿಂದ ಬಣ್ಣ ಕಪ್ಪಿಡುತ್ತ ಬಂದು ಇಡೀ ಪಟ್ಟಿ ಇಂಕಿನ ಹಾಗೆ ನೀಲಿಯಾಯಿತು. ಅವನ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಕೇಳುತ್ತಾರೆ. ಅಂಗೈ ಪೈಲ್ವಾನನದಾದರೆ ಖಂಡಿತ ಬೇಕು. ಫಕ್ಕೀರೇಶನ ಅಂಗೈ, ಮೊಣಕೈ, ಬೆರಳ ಗಿಣ್ಣುಗಳ ಮೇಲೆ ದಪ್ಪಗೆ ಬೂದುಬಣ್ಣದ ಪದರ ಕಟ್ಟಿತ್ತು. ಗರಡಿಯವರೆಲ್ಲ ಅದನ್ನು ನೋಡಿದ್ದರು, ಮೆಚ್ಚಿದ್ದರು. ನೀಲಾಂಬಿಕೆಯೂ ಅದನ್ನು ಜಡ್ಡೆಂದೇ ತಿಳಿದಿದ್ದಳು. ಗದೆ ತಿರುಗಿಸಿದ ಜಡ್ಡು, ವಸ್ತಾದನ ಕೈಯೆಂದರೆ ಹಾಗಿರಬೇಕು ಎಂದು ಹುಡುಗರು ತಮ್ಮ ಮೆತ್ತನೆಯ ಕೈ ನೋಡಿಕೊಂಡು ನಾಚುತ್ತಿದ್ದರು. ಅದು ಜಡ್ಡಲ್ಲ, ಹುಳಗಳು ಕಟ್ಟಿಕೊಂಡ ಊರು. ಮೈ ಅವುಗಳ ಮೇಲೆ ದಂಡೆತ್ತಿ ಹೋಗುವುದನ್ನೇ ಬಿಟ್ಟುಬಿಟ್ಟಿತ್ತು, ಅದಕ್ಕೇ ತುರಿಕೆಯೂ ಇರಲಿಲ್ಲ. ಆ ಕೈಯಿಂದಲೇ ಪ್ರತಿ ದಿನ ಎಲ್ಲರ ಕೊರಳಿಗೂ ಆಶೀರ್ವಾದ ನಡೆದಿತ್ತು.

ನೀಲಿ ಪಟ್ಟಿಯನ್ನು ಪ್ರಯೋಗಾಲಯಕ್ಕೆ ಒಯ್ದು ಯಂತ್ರಕ್ಕೆ ಹಾಕಿದಾಗ ಅದು ಇನ್ನೂ ಒಂದು ಚಾಡಿ ಹೇಳಿತು. ಕಾವಲಿನ ಜೀನುಗಳು ತಾವಾಗಿ ಸುಮ್ಮನಾಗಿರಲಿಲ್ಲ, ಯಾವುದೋ ಔಷಧಿ ಅವುಗಳ ಬಾಯಿ ಮುಚ್ಚಿಸಿತ್ತು. ಸ್ಟೀರಾಯ್ಡ್ ತಿಂದವರ ಚರ್ಮದಲ್ಲಿ ಮಾತ್ರ ಏಳುವ ಜೀನುಗಳು ಅಲ್ಲಿ ಎದ್ದು ಕುಣಿಯುತ್ತಿದ್ದವು.

ಸಂಜೆ ಅವಳು ಗಂಡನ ಎದುರು ಕುಳಿತಳು. “ಏನು ಗುಳಿಗಿ ತಗೋತೀರಿ?”

“ಏನೂ ಇಲ್ಲ.”

“ನಿಮ್ಮ ಚರ್ಮ ಬ್ಯಾರೆ ಹೇಳಾಕತ್ತೈತಿ.”

ಫಕ್ಕೀರೇಶ ಮಂಡಿ ಸವರಿಕೊಂಡ. “ಗುಳಿಗಿ ಅಲ್ಲ ನೀಲಾ, ಪುಡಿ. ಸಂತ್ಯಾಗ ಒಬ್ಬಾಂವ ಮಾರತಾನ, ಗಿಡಮೂಲಿಕೀದು ಅಂತ. ಮಂಡಿ ನೋವು ತಡಕೊಳ್ಳಾಕ ಆಗವಲ್ದಾಗಿತ್ತು. ವಸ್ತಾದನ ಮಂಡಿ ಹೋತು ಅಂತ ಗೊತ್ತಾದ್ರ ಯಾರು ನನ್ನ ಗರಡಿಗೆ ಮಕ್ಕಳನ್ನ ಕಳಸ್ತಾರ?”

“ನನಗರ ಹೇಳಬೇಕಿಲ್ಲೇನ್ರಿ?” ಎಂದಳು ಅವಳು. ಸಿಟ್ಟಿಗಿಂತ ಅಳುವೇ ಹೆಚ್ಚು ಬಂದಿತ್ತು. ಅವನೂ ಅತ್ತ. ತಾನು ಮಾಡಿದ್ದಕ್ಕೆ ಲಗಮವ್ವನನ್ನು ಹೊರಗೆ ಹಾಕಿದೆನಲ್ಲ ಎಂದು ಹಣೆ ಬಡಿದುಕೊಳ್ಳಹೋದವನು ಕೈ ನೋಡಿ ಅರ್ಧಕ್ಕೇ ನಿಲ್ಲಿಸಿದ.

ಆಮೇಲಿನ ದಿನಗಳು ಸುಲಭದವಲ್ಲ. ಗಿಡಮೂಲಿಕೆಯ ಹೆಸರಿನ ಆ ಪುಡಿಯಲ್ಲಿ ಬೆರೆತಿದ್ದದ್ದು ಸ್ಟೀರಾಯ್ಡ್. ಅದನ್ನು ಒಮ್ಮೆಲೇ ಬಿಟ್ಟರೆ ಅಪಾಯವೆಂದು ವೈದ್ಯರು ಸ್ವಲ್ಪ ಸ್ವಲ್ಪವೇ ಇಳಿಸಿದರು. ಒಳಗೆ ಔಷಧಿ, ಹೊರಗೆ ಮುಲಾಮು, ಕೈಗೆ ಬಟ್ಟೆಯ ಚೀಲ. ಗರಡಿಯ ಪ್ರತಿಯೊಬ್ಬರಿಗೂ, ನೀಲಾಂಬಿಕೆಗೂ ಅದೇ ಚಿಕಿತ್ಸೆ. ಹಾಸಿಗೆ ಬಟ್ಟೆಗಳು ಕುದಿಯುವ ಹಂಡೆಗೆ ಹೋದವು. ಆಸ್ಪತ್ರೆಯ ಒಂಟಿ ಕೋಣೆಯಲ್ಲಿ ಕೂತ ಫಕ್ಕೀರೇಶನಿಗೆ ಒಂದು ಬೆಳಗ್ಗೆ ಮೊಣಕೈ ಹತ್ತಿರ ಏನೋ ಚುರುಗುಟ್ಟಿತು. ನೀಲಾಂಬಿಕೆ ಪಟ್ಟಿ ಹಚ್ಚಿ ನೋಡಿದಳು. ನೀಲಿಯ ನಡುವೆ ಕೆಂಪು ಇಣುಕುತ್ತಿತ್ತು.

“ತುರಸ್ತೈತೇನ್ರಿ?”

“ಜೀವಾ ಹೋಗೂವಂಗ ತುರಸ್ತೈತಿ!”

“ನಿಮ್ಮ ಮೈ ಎದ್ದೈತ್ರಿ” ಎಂದು ಅವಳು ನಕ್ಕಳು. ತುರಿಕೆಗಾಗಿ ಗಂಡ ಹೆಂಡತಿ ಸೇರಿ ಸಂತೋಷಪಟ್ಟದ್ದು ಬಹುಶಃ ಅಲ್ಲಿ ಮಾತ್ರ.

ಇತ್ತ ನೀಲಾಂಬಿಕೆ ಅಳ್ನಾವರಕ್ಕೆ ಹೋದಳು. ದ್ಯಾಮವ್ವ ತಣ್ಣಗಾದ ಬಾಣಲೆಯ ಮುಂದೆ ಕೂತಿದ್ದಳು. ಲಗಮವ್ವ ನಿಲ್ದಾಣದ ಹಿಂದಿನ ಬಯಲಿನಲ್ಲಿ ಒಬ್ಬಳೇ ಬಸ್ಕಿ ಹೊಡೆಯುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿ ಮುಗಿಸಿದ ಮೇಲೂ ಹುಡುಗಿಯ ಮುಖ ಬಿಗಿದೇ ಇತ್ತು.

“ಹಂಗಾದ್ರ ಎಲ್ಲಾರಿಗಿಂತ ಮೊದಲ ನನಗ ಯಾಕ ತುರಸ್ತರೀ ಅಕ್ಕಾರ?”

“ಸಣ್ಣಾಕಿದ್ದಾಗ ಒಮ್ಮೆ ಕಜ್ಜಿ ಆಗಿತ್ತೇನು?”

ದ್ಯಾಮವ್ವ ನಡುವೆ ಬಾಯಿ ಹಾಕಿದಳು. “ಆಗಿತ್ರೆವಾ, ಸಾಲಿಗೆ ಹೋಗಾಕಿದ್ದಾಗ. ಬೇವಿನ ಸೊಪ್ಪು ಕುದಿಸಿ ಕುದಿಸಿ ನಾ ಸಾಕಾಗಿದ್ದೆ.”

“ಅದಕ್ಕ ನೋಡು. ಒಮ್ಮೆ ಕಂಡ ಹುಳಾನ ಮೈ ಮರೆಯೂದಿಲ್ಲ. ಎರಡನೇ ಸಲ ಬಂದ್ರ ಒಂದೆರಡು ದಿನದಾಗ ಗುರ್ತು ಹಿಡದು ಒದರತೈತಿ. ಉಳದವರ ಮೈ ಮಲಗಿತ್ತು, ನಿನ್ನ ಮೈ ಎದ್ದು ಒದರಿತು. ಒದರಿದಾಕೀನ ಕಳ್ಳಿ ಅಂದ್ರು.”

ಲಗಮವ್ವ ಹೊರಳಿ ನಿಂತು ಬಯಲ ಕಡೆ ನೋಡಿದಳು. ಕಣ್ಣೀರು ಆಗ ಬಂತು, ಗರಡಿ ಬಿಡುವಾಗ ಬಾರದ್ದು. ಆಮೇಲೆ ಮೂಗು ಒರೆಸಿಕೊಂಡು, “ಬರತೇನ್ರಿ. ಆದ್ರ ಇದನ್ನ ನೀವು ಹೇಳಿದ್ರ ಆಗೂದಿಲ್ಲ. ವಸ್ತಾದರು ಹೇಳಬೇಕು, ಮಂದಿ ಮುಂದ” ಎಂದಳು.

ನೀಲಾಂಬಿಕೆ ಈ ಮಾತನ್ನು ಗಂಡನಿಗೆ ತಲುಪಿಸಿದಳು. ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಲಗಮವ್ವ ಚಿಕಿತ್ಸೆ ಮುಗಿಸಿ, ಪಟ್ಟಿ ಬಿಳಿಯಾದ ಮೇಲೆ ಗರಡಿಗೆ ಬಂದು ತಾಲೀಮು ಮಾಡಿದಳು.

ಆಯ್ಕೆಯ ದಿನ ಒಳಾಂಗಣದ ಬಾಗಿಲಲ್ಲಿ ತೂಕದ ಯಂತ್ರ, ಪಕ್ಕದಲ್ಲಿ ವೈದ್ಯರ ಮೇಜು. ಕರ್ನಾಟಕದ ಮೂಲೆಮೂಲೆಯಿಂದ ವಸ್ತಾದರು ಬಂದಿದ್ದರು, ತಲೆಗೆ ಪಟಕ, ಕೈಯಲ್ಲಿ ಜಡ್ಡು. ವೈದ್ಯರು ಲಗಮವ್ವನ ತೋಳಿನ ಮೇಲಿನ ಕಪ್ಪು ಕಲೆಗಳನ್ನು ನೋಡಿ, ಗರಡಿಯ ಹೆಸರು ಕೇಳಿ, ತಲೆ ಅಲ್ಲಾಡಿಸಿದರು.

“ಇವು ವಾಸಿಯಾದ ಕಲೆರೀ ಡಾಕ್ಟ್ರ. ಪಟ್ಟಿ ಬಿಳಿ ಐತಿ ನೋಡ್ರಿ” ಎಂದಳು ನೀಲಾಂಬಿಕೆ.

“ಪಟ್ಟಿ ಇವತ್ತಿಂದು ಹೇಳಬಹುದು ಮೇಡಮ್. ಆದರೆ ಈ ಗರಡಿಯಲ್ಲಿ ಎರಡು ಸಲ ವಾಸಿಯಾಗಿ ಎರಡು ಸಲವೂ ತಿರುಗಿ ಬಂದಿದೆ. ಮೂಲ ಎಲ್ಲಿದೆ ಅಂತ ಗೊತ್ತಾಗುವವರೆಗೆ ನಾನು ಹುಡುಗಿಯನ್ನ ಶಿಬಿರಕ್ಕೆ ಬಿಡೋದಿಲ್ಲ. ಅಲ್ಲಿ ಇರುವವರ ಗತಿ ಏನು?” ವೈದ್ಯರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದೇ ಕಷ್ಟ.

ನೀಲಾಂಬಿಕೆ ಉತ್ತರ ಹೇಳಬಹುದಿತ್ತು. ಹೇಳಲಿಲ್ಲ. ಗಂಡನ ಕಡೆ ನೋಡಿದಳು. ಲಗಮವ್ವ ಯಾರ ಕಡೆಗೂ ನೋಡಲಿಲ್ಲ, ಕಾಲಿನ ಬೂಟಿನ ದಾರ ಬಿಚ್ಚತೊಡಗಿದಳು.

“ಕಟ್ಟಿಕೊಳ್ಳವಾ ಅದನ್ನ” ಎಂದ ಫಕ್ಕೀರೇಶ.

ಕುಂಟುತ್ತ ಮೇಜಿನ ಮುಂದೆ ಬಂದು ನಿಂತ. ಕುಂಟುವುದನ್ನು ಈ ಸಲ ಮುಚ್ಚಿಡಲಿಲ್ಲ. “ಮೂಲ ಸಿಕ್ಕೈತ್ರೀ ಡಾಕ್ಟ್ರ. ನಾನ ಮೂಲ” ಎಂದ, ಎಲ್ಲರಿಗೂ ಕೇಳುವಂತೆ. “ಮಂಡಿ ನೋವಿಗೆ ಕದ್ದು ಪುಡಿ ತಿಂದೆ. ಅದು ನನ್ನ ಮೈಯಾಗಿನ ಕಾವಲು ಕಿತ್ತಿತು. ಕೈ ತುಂಬ ಹುಳಾ ಇದ್ದೂ, ಜಡ್ಡು ಅಂತ ಮೆರದೆ. ಅದ ಕೈಲೇ ದಿನಾ ಮಕ್ಕಳಿಗೆ ಮಟ್ಟಿ ಹಚ್ಚಿದೆ. ಈ ಹುಡಿಗಿ ಮೊದಲ ಕೆರಕೊಂಡಳು ಅಂತ ಹೊರಗ ಹಾಕಿದೆ. ನಮ್ಮೆಲ್ಲಾರೊಳಗ ಎಚ್ಚರ ಇದ್ದದ್ದು ಆಕಿ ಒಬ್ಬಾಕಿನ.”

ಎರಡೂ ಕೈ ಚಾಚಿದ. ಪದರವೆಲ್ಲ ಉದುರಿ ಹೋಗಿ ಒಳಗಿನಿಂದ ಹೊಸ ಚರ್ಮ ಬಂದಿತ್ತು, ಹಸುಗೂಸಿನ ಅಂಗಾಲಿನಂತೆ ಗುಲಾಬಿ ಬಣ್ಣದ್ದು. ಅಂಥ ಮೆತ್ತನೆಯ ಕೈ ಯಾವ ವಸ್ತಾದನಿಗೂ ಇರಲಿಲ್ಲ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಅವನ ಕಿವಿ ಕೆಂಪಗಾಯಿತು, ಆದರೂ ಕೈ ಹಿಂದಕ್ಕೆ ತೆಗೆಯಲಿಲ್ಲ.

ವೈದ್ಯರು ಭೂತಗಾಜು ತೆಗೆದು ಆ ಕೈಗಳನ್ನು ನೋಡಿದರು, ಲಗಮವ್ವನ ಬೆರಳ ಸಂದಿಗಳನ್ನು ನೋಡಿದರು. ನೀಲಾಂಬಿಕೆಯಿಂದ ಪಟ್ಟಿ ಇಸಕೊಂಡು ಇಬ್ಬರಿಗೂ ತಾವೇ ಹಚ್ಚಿದರು. ಎರಡೂ ಬಿಳಿಯಾಗಿಯೇ ಉಳಿದವು. “ಹೋಗಮ್ಮ, ತೂಕ ಮಾಡಿಸ್ಕೋ” ಎಂದರು.

ಲಗಮವ್ವ ಬಗ್ಗಿ ದಾರ ಬಿಗಿದಳು. ಎದ್ದವಳು ವಸ್ತಾದನ ಎದುರು ನಿಂತು ಕೊರಳು ಬಾಗಿಸಿದಳು. ಅಲ್ಲಿ ಮಟ್ಟಿ ಎಲ್ಲಿಂದ ಬರಬೇಕು? ಫಕ್ಕೀರೇಶ ಬರಿಗೈಯನ್ನೇ ಅವಳ ಕೊರಳಿಗೆ, ತೋಳಿಗೆ ಸವರಿದ.

ಅವಳು ಒಳಗೆ ಹೋದಳು. ವಸ್ತಾದರೆಲ್ಲ ಮೆಲ್ಲಗೆ ತಮ್ಮ ತಮ್ಮ ಅಂಗೈ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಕಡೆಗೆ ಅವರಲ್ಲೇ ಹಿರಿಯ, ಬಿಳಿ ಮೀಸೆಯ ಒಬ್ಬರು ಗಂಟಲು ಸರಿಮಾಡಿಕೊಂಡು ನೀಲಾಂಬಿಕೆಯ ಹತ್ತಿರ ಬಂದರು.

“ಯವ್ವಾ, ನನಗ ತುರಿಕಿ ಗಿರಿಕಿ ಏನಿಲ್ಲ. ಆದ್ರೂ ಒಂದು ಹಚ್ಚಿಬಿಡು.”

ಅವರ ಹಿಂದೆ ಇನ್ನೊಬ್ಬರು ನಿಂತರು, ಅವರ ಹಿಂದೆ ಮತ್ತೊಬ್ಬರು. ಜೊತೆಗೆ ಬಂದಿದ್ದ ಮುಲ್ಲಾ ಸರ್ ಪಟ್ಟಿಗಳ ಪೆಟ್ಟಿಗೆ ತೆರೆದರು. ಫಕ್ಕೀರೇಶ ಪ್ರತಿಯೊಬ್ಬರಿಗೂ ಹಳದಿಯೆಂದರೇನು, ನೀಲಿಯೆಂದರೇನು ಎಂದು ತಾನೇ ಕಂಡುಹಿಡಿದವನ ಗತ್ತಿನಲ್ಲಿ ವಿವರಿಸುತ್ತಿದ್ದ. ಒಳಗೆ ಸೀಟಿ ಊದಿದ್ದು, ಜನ ಹೋ ಎಂದದ್ದು ಕೇಳಿದಾಗಲೇ ಅವನಿಗೆ ಲಗಮವ್ವನ ಪಂದ್ಯ ನೆನಪಾದದ್ದು. ಮಂಡಿ ಹಿಡಿದುಕೊಂಡು ಓಡಿದ. ಅವನು ಬಾಗಿಲು ದಾಟುವಷ್ಟರಲ್ಲಿ ಲಗಮವ್ವ ಎದುರಾಳಿಯನ್ನು ಚಿತ್ ಮಾಡಿ ಎದ್ದು ನಿಂತಿದ್ದಳು.